ಗುಮಾನಿಗೂ ಕಾರಣ ಬೇಕು
1963ರ ಅಕ್ಟೋಬರ್ 31. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರ. ಇಬ್ಬರು ಸರದಿಯಂತೆ ಒಂದೇ ಅಂಗಡಿಯೊಳಗೆ ಮತ್ತೆ ಮತ್ತೆ ಇಣುಕುತ್ತಿದ್ದರು. ದೂರದಿಂದ ಗಮನಿಸುತ್ತಿದ್ದ ಪತ್ತೇದಾರ ಮಾರ್ಟಿನ್ ಮೆಕ್‌ಫ್ಯಾಡನ್ ಅವರಿಗೆ ದರೋಡೆಯ ಗುಮಾನಿ ಬಂತು. ತಡೆದು ನಿಲ್ಲಿಸಿ, ಉಡುಪನ್ನು ಮೇಲಿನಿಂದಲೇ ತಡವಿ ನೋಡಿದರೆ ಇಬ್ಬರಲ್ಲೂ ಪಿಸ್ತೂಲು!

ವಾರಂಟಿಲ್ಲದ ಈ ತಪಾಸಣೆ ಸರಿಯೇ? 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 8-1 ಬಹುಮತದಿಂದ ಸರಿಯೆಂದಿತು. ಆದರೆ ಬರಿಯ ಊಹೆ ಸಾಲದು, ಗುಮಾನಿಗೆ ಕಾರಣವಾದ ಸಂಗತಿಗಳನ್ನು ಪೊಲೀಸರು ಬಿಡಿಸಿ ಹೇಳಬೇಕು, ಆಯುಧಕ್ಕಾಗಿ ಮಾತ್ರ ತಡವಬೇಕು ಎಂದು ಷರತ್ತು ಹಾಕಿತು. ನ್ಯಾಯಾಧೀಶರಿಗೂ ಇಲ್ಲದ ಅಧಿಕಾರ ಪೊಲೀಸರಿಗೆ ದಕ್ಕಿತೆಂದು ನ್ಯಾಯಮೂರ್ತಿ ಡಗ್ಲಸ್ ಭಿನ್ನಮತ ಬರೆದರು.

ಪಿಸ್ತೂಲು ಸಿಕ್ಕಿತೆಂಬುದು ಸಮರ್ಥನೆಯಲ್ಲ. ತಡೆಯುವ ಮೊದಲು ಕಂಡದ್ದೇನು ಎಂಬುದೇ ಪ್ರಶ್ನೆ. ಲೆಕ್ಕದಲ್ಲೂ ಉತ್ತರ ಸರಿಬಂದರೆ ಸಾಲದು, ಬಿಡಿಸಿದ ಹಂತಗಳನ್ನೂ ತೋರಿಸಬೇಕಲ್ಲವೇ?