ಕಂಬಿ ಅಂದರೆ ಬರೀ ಜೈಲಲ್ಲ

ಕಂಬಿ ಅಂದ ಕೂಡಲೇ ನಮಗೆ ಕಿಟಕಿಯ ಕಬ್ಬಿಣದ ಸರಳು ನೆನಪಾಗುತ್ತದೆ. ರೈಲಿನ ಹಳಿಯೂ ಕಂಬಿಯೇ. 1907ರಲ್ಲಿ ಈ ಕಂಬಿ ಮಂಗಳೂರನ್ನು ಮಲಬಾರಿಗೆ ಬೆಸೆಯಿತು. 1998ರಲ್ಲಿ ಕೊಂಕಣ ರೈಲ್ವೆ ಮುಂಬೈಗೆ ಮುಟ್ಟಿಸಿತು. ಪಂಚೆ, ಸೀರೆಯ ಅಂಚಿನ ಗೆರೆಗೂ ಕಂಬಿ ಎನ್ನುತ್ತಾರೆ. ಉತ್ತರ ಕರ್ನಾಟಕದ ಭಕ್ತರು ಹೆಗಲಲ್ಲಿ ಹೊತ್ತು ಶ್ರೀಶೈಲಕ್ಕೆ ನಡೆಯುವುದೂ ಕಂಬಿಯನ್ನೇ. ಪಕ್ಕದ ಮಲಯಾಳದಲ್ಲಿ ಕಂಬಿ ಅಂದರೆ ತಂತಿ. 2013ರಲ್ಲಿ ನಿಂತುಹೋದ ಟೆಲಿಗ್ರಾಮಿಗೂ ಅಲ್ಲಿ ಅದೇ ಹೆಸರಿತ್ತು.

ಇನ್ನು ಆಡುಮಾತು. ಸಾಲ ಮಾಡಿ ಓಡಿಹೋದವನು ‘ಕಂಬಿ ಕಿತ್ತ’. ಇದಕ್ಕೆ ನಗಬಹುದು. ಆದರೆ ಜೈಲು ಸೇರಿದವನು ‘ಕಂಬಿ ಎಣಿಸ್ತಿದ್ದಾನೆ’ ಎಂದು ಮದುವೆ ಮನೆಯಲ್ಲಿ, ಅಂಗಡಿ ಜಗಲಿಯಲ್ಲಿ ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! 2022ರ ಕೊನೆಗೆ ದೇಶದ ಕೈದಿಗಳಲ್ಲಿ ಸುಮಾರು ಮುಕ್ಕಾಲು ಪಾಲು ವಿಚಾರಣಾಧೀನರು. ಅಂದರೆ ತಪ್ಪಿತಸ್ಥರೆಂದು ಕೋರ್ಟು ಇನ್ನೂ ಹೇಳಿರಲಿಲ್ಲ. ನಮ್ಮ ಆ ಒಂದು ಮಾತು ತೀರ್ಪಿಗಿಂತ ಮೊದಲೇ ಊರಿಡೀ ತಲುಪುತ್ತದೆ. ಮನೆಯಲ್ಲಿರುವ ಉಮ್ಮನ ಕಿವಿಗೂ ಬೀಳುತ್ತದೆ.

ಬಂಧನದಲ್ಲಿರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತವಾಗಿ ವಕೀಲರ ನೆರವು ಪಡೆಯುವ ಹಕ್ಕಿದೆ. ಕಂಬಿಯ ಮಾತು ಬಿಟ್ಟು, ಆ ಮನೆಗೆ ಹೋಗಿ ಇದನ್ನು ಹೇಳುವ.