ನೀರಿನ ಪಾಲು ಹೊಲಕ್ಕಲ್ಲ, ತಲೆಗೆ: ಪುರಂದರ ತಾಲ್ಲೂಕಿನ ಪಾಣಿ ಪಂಚಾಯತಿ

ಮಳೆ ಕೈಕೊಟ್ಟ ವರ್ಷ ಊರಿನಲ್ಲಿ ಉಳಿದ ಅಷ್ಟಿಷ್ಟು ನೀರು ಯಾರಿಗೆ ಸೇರಬೇಕು? ಬಾವಿ ಆಳವಾಗಿದ್ದವನಿಗೆ, ಪಂಪು ದೊಡ್ಡದಿದ್ದವನಿಗೆ ಎಂಬುದೇ ಸಾಮಾನ್ಯವಾಗಿ ನಡೆದುಬಂದಿರುವ ಉತ್ತರ. ಮಹಾರಾಷ್ಟ್ರದ ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ರೈತರು ಇದಕ್ಕೆ ಬೇರೊಂದು ಉತ್ತರವನ್ನು ಕಂಡುಕೊಂಡರು.

ಇದು ಸಹ್ಯಾದ್ರಿಯ ಮಳೆ ನೆರಳಿನ ಸೀಮೆ. 1972ರ ಬರದಲ್ಲಿ ಬಾವಿಗಳು ಬತ್ತಿ, ಹೊಲವಿದ್ದವರೂ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆಯಬೇಕಾಯಿತು. ಕಲ್ಲು ಒಡೆದರೆ ಕೂಲಿ ಸಿಗುತ್ತದೆ, ಮುಂದಿನ ಬರಕ್ಕೆ ನೀರು ಸಿಗುವುದಿಲ್ಲ. ಇದನ್ನು ಕಂಡ ಪುಣೆಯ ಇಂಜಿನಿಯರ್ ವಿಲಾಸರಾವ್ ಸಾಳುಂಖೆಯವರು ನಾಯಗಾಂವ್ ಗ್ರಾಮದಲ್ಲಿ ದೇವಸ್ಥಾನಕ್ಕೆ ಸೇರಿದ 40 ಎಕರೆ ಬರಡು ಜಮೀನನ್ನು ಗುತ್ತಿಗೆಗೆ ಪಡೆದು ಕೆಲಸಕ್ಕೆ ತೊಡಗಿದರು. 1974ರಲ್ಲಿ ಗ್ರಾಮ ಗೌರವ ಪ್ರತಿಷ್ಠಾನ ಸ್ಥಾಪನೆಯಾಯಿತು.

ಕೆಲಸದ ಕ್ರಮ ಸರಳವಾದುದು. ಇಳಿಜಾರಿನ ಮೇಲ್ಭಾಗದಿಂದ ಕೆಳಗಿನವರೆಗೆ ಬದುಗಳನ್ನು ಹಾಕಿ, ಹರಿದುಬಂದ ನೀರನ್ನು ಇಂಗುಕೆರೆಯಲ್ಲಿ ನಿಲ್ಲಿಸಲಾಯಿತು. ಕೆರೆಯ ಕೆಳಗೆ ಬಾವಿ ತೋಡಿ, ಇಂಗಿದ ನೀರನ್ನು ಪಂಪಿನಿಂದ ಮೇಲಿನ ಹೊಲಗಳಿಗೆ ಎತ್ತಲಾಯಿತು. ಇಷ್ಟನ್ನು ಯಾವ ಊರಿನವರೂ ಮಾಡಬಹುದು. ಕಷ್ಟವಿರುವುದು ಆಮೇಲಿನ ಹಂಚಿಕೆಯಲ್ಲಿ.

ಪಾಣಿ ಪಂಚಾಯತಿಯಲ್ಲಿ ನೀರನ್ನು ಹಿಡುವಳಿಯ ಪ್ರಮಾಣಕ್ಕೆ ಕೊಡುವುದಿಲ್ಲ, ಮನೆಯ ಜನರ ಲೆಕ್ಕಕ್ಕೆ ಕೊಡುತ್ತಾರೆ. ತಲೆಗೆ ಅರ್ಧ ಎಕರೆಯ ನೀರು. ಒಂದು ಕುಟುಂಬಕ್ಕೆ ಎಷ್ಟೇ ಜನರಿದ್ದರೂ 2.5 ಎಕರೆಗೆ ಮಿತಿ. ಇಪ್ಪತ್ತು ಎಕರೆಯ ಒಡೆಯನ ಮಿಕ್ಕ ಹೊಲವೆಲ್ಲ ಮಳೆಯನ್ನೇ ನಂಬಿರಬೇಕು. ಭೂಮಿ ಇಲ್ಲದವರಿಗೂ ಪಾಲುಂಟು. ಅವರು ತಮ್ಮ ಪಾಲಿನ ನೀರನ್ನು ಹೊಲ ಹೆಚ್ಚಿರುವವರ ಜಮೀನಿಗೆ ತಿರುಗಿಸಿ ಪಾಲಿಗೆ ಬೇಸಾಯ ಮಾಡಬಹುದು. ನೀರಿನ ಹಕ್ಕು ಭೂಮಿಗೆ ಅಂಟಿಕೊಂಡದ್ದಲ್ಲವಾದ್ದರಿಂದ ಹೊಲ ಮಾರಿದರೆ ಅದು ಕೊಂಡವನಿಗೆ ಹೋಗದು. ಬಹುಶಃ ಎಲ್ಲ ನಿಯಮಗಳಲ್ಲಿ ಇದೇ ಗಟ್ಟಿಯಾದುದು. ಇದಿಲ್ಲದಿದ್ದರೆ ಹಣವುಳ್ಳವರು ಹೊಲದೊಡನೆ ನೀರನ್ನೂ ಕೊಂಡು, ನಾಲ್ಕಾರು ವರ್ಷಗಳಲ್ಲಿ ಹಳೆಯ ಪರಿಸ್ಥಿತಿಯೇ ಮರಳುತ್ತಿತ್ತು.

ಯೋಜನೆಯ ವೆಚ್ಚದಲ್ಲಿ ಶೇಕಡ 20ರಷ್ಟನ್ನು ಸದಸ್ಯರೇ ಹಾಕಬೇಕು. ಸರದಿಯಂತೆ ನೀರು ಬಿಡಲು ಗುಂಪು ಒಬ್ಬನನ್ನು ನೇಮಿಸುತ್ತದೆ. ನಮ್ಮ ಕೆರೆಗಳ ನೀರಗಂಟಿಯನ್ನು ಬಲ್ಲವರಿಗೆ ಈತನ ಕೆಲಸವನ್ನು ವಿವರಿಸಬೇಕಾಗಿಲ್ಲ.

ಕಬ್ಬು ಏಕೆ ಬೇಡ?

ಈ ನೀರಿನಲ್ಲಿ ಕಬ್ಬು, ಬಾಳೆಯಂಥ ವರ್ಷವಿಡೀ ನೀರು ಬೇಡುವ ಬೆಳೆಗಳನ್ನು ಬೆಳೆಯುವಂತಿಲ್ಲ. ಇದು ಕಬ್ಬಿನ ಮೇಲಿನ ಮುನಿಸಲ್ಲ. ಎಕರೆಗೆ ಒಂದು ಅಂಗುಲ ನೀರೆಂದರೆ ಸುಮಾರು 1 ಲಕ್ಷ ಲೀಟರ್. ಕಬ್ಬಿಗೆ ಸುಮಾರು 80 ಅಂಗುಲ ಬೇಕು. ಮಳೆಯಿಂದ 20 ಅಂಗುಲ ಬಂತೆಂದರೂ 60 ಲಕ್ಷ ಲೀಟರನ್ನು ಬಾವಿಯಿಂದ ಎತ್ತಬೇಕು. ಹಿಂಗಾರಿ ಜೋಳಕ್ಕೆ ಹೊಡೆ ಬರುವಾಗ ಒಮ್ಮೆ, ಕಾಳು ತುಂಬುವಾಗ ಒಮ್ಮೆ ಎರಡೂವರೆ ಅಂಗುಲದಂತೆ ಕೊಟ್ಟರೆ 5 ಲಕ್ಷ ಲೀಟರ್ ಸಾಕು. ಒಂದು ಎಕರೆ ಕಬ್ಬಿನ ನೀರು 12 ಎಕರೆ ಜೋಳವನ್ನು ಕಾಯುತ್ತದೆ, ಅಂದರೆ 24 ಜನರ ಪಾಲು!

ದೊಡ್ಡ ಹಿಡುವಳಿದಾರರಿಗೆ ಇದು ರುಚಿಸುವ ಮಾತಲ್ಲ. ಆದರೆ ಬರ ಬಂದಾಗ ಒಬ್ಬೊಬ್ಬರೇ ತೋಡಿದ ಬಾವಿಗಳು ಒಟ್ಟಿಗೇ ಬತ್ತುತ್ತವೆ. ಖಚಿತವಾದ ಎರಡೂವರೆ ಎಕರೆ, ಖಚಿತವಿಲ್ಲದ ಇಪ್ಪತ್ತು ಎಕರೆಗಿಂತ ಮೇಲೆಂದು ತಿಳಿದವರು ಗುಂಪಿಗೆ ಸೇರುತ್ತಾರೆ.

ಇಂಥ ಗುಂಪು ಕಟ್ಟಲು ಹೊರಟ ವಿಸ್ತರಣಾ ಕಾರ್ಯಕರ್ತರು ಎರಡು ಸಂಗತಿಗಳನ್ನು ಗಮನದಲ್ಲಿಡುವುದು ಒಳಿತು. ಮನೆವಾರು ತಲೆಪಟ್ಟಿಯನ್ನು ಪಂಪು ಕೂರಿಸುವ ಮೊದಲೇ ಊರ ಸಭೆಯಲ್ಲಿ ಓದಿ ಒಪ್ಪಿಗೆ ಪಡೆಯಬೇಕು. ನೀರು ಕಂಡ ಮೇಲೆ ಒಪ್ಪಿಸುವುದು ಬಹಳ ಕಷ್ಟ. ಎರಡನೆಯದು ಕೊಳವೆಬಾವಿ. ಇಂಗುಕೆರೆಯ ಕೆಳಗೆ ಸದಸ್ಯನೊಬ್ಬ ಸ್ವಂತಕ್ಕೆ ಆಳದ ಕೊಳವೆಬಾವಿ ಕೊರೆಸಿದರೆ ಎಲ್ಲರ ಬಾವಿಯ ನೀರೂ ಅವನತ್ತ ಇಳಿಯಬಹುದು. ಆದ್ದರಿಂದ ಕೊಳವೆಬಾವಿಯ ನಿಷೇಧವನ್ನೂ ಮೊದಲ ದಿನದ ಕರಾರಿನಲ್ಲಿಯೇ ಬರೆಸತಕ್ಕದ್ದು.