ಡಿ.ಎನ್.ಎ. ನುಡಿದ ಸಾಕ್ಷ್ಯ

ಅಪರಾಧ ನಡೆದ ಸ್ಥಳದಲ್ಲಿ ಅಪರಾಧಿಯು ತನಗರಿವಿಲ್ಲದೆಯೇ ಏನಾದರೊಂದು ಗುರುತನ್ನು ಉಳಿಸಿ ಹೋಗುತ್ತಾನೆ ಎಂಬುದು ಪತ್ತೇದಾರರ ಹಳೆಯ ನಂಬಿಕೆ. ಹೆಜ್ಜೆಯ ಗುರುತು, ಬಟ್ಟೆಯ ಎಳೆ, ಬೆರಳಿನ ಅಚ್ಚು ಇವು ಬಹುಕಾಲ ಪತ್ತೇದಾರರಿಗೆ ದಾರಿ ತೋರಿಸುತ್ತ ಬಂದುವು. ಬೆರಳಚ್ಚುಗಳನ್ನು ವರ್ಗೀಕರಿಸಿ ಕಾಪಾಡುವ ಜಗತ್ತಿನ ಮೊದಲ ಕಚೇರಿ 1897ರಲ್ಲಿ ನಮ್ಮ ದೇಶದ ಕಲ್ಕತ್ತೆಯಲ್ಲಿಯೇ ಸ್ಥಾಪಿತವಾಯಿತು. ಆದರೆ ಎಲ್ಲ ಕಡೆಯೂ ಬೆರಳಚ್ಚು ದೊರೆಯುವುದಿಲ್ಲ. ಕಂಡವರಿಲ್ಲದೆ, ಸುಳಿವು ಸಿಕ್ಕದೆ ಎಷ್ಟೋ ಮೊಕದ್ದಮೆಗಳ ಕಡತಗಳು ಪೊಲೀಸ್ ಠಾಣೆಯ ಕಪಾಟುಗಳಲ್ಲಿ ಧೂಳು ಹಿಡಿದು ಕುಳಿತುಬಿಡುತ್ತವೆ. ವರ್ಷಗಳು ಉರುಳಿದಂತೆ ತನಿಖೆ ನಡೆಸಿದ ಅಧಿಕಾರಿಗಳು ನಿವೃತ್ತರಾಗುತ್ತಾರೆ. ಸಾಕ್ಷಿಗಳ ನೆನಪು ಮಸುಕಾಗುತ್ತದೆ. ನೊಂದವರ ಮನೆಯಲ್ಲಿ ಮಾತ್ರ ದುಃಖ ಹಳತಾಗುವುದಿಲ್ಲ. ಇಂತಹ ಕಡತಗಳನ್ನು ಮತ್ತೆ ತೆರೆಯುವ ಶಕ್ತಿಯನ್ನು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ವಿಜ್ಞಾನವು ಮಾನವನಿಗೆ ದೊರಕಿಸಿಕೊಟ್ಟಿತು. ಆ ಶಕ್ತಿಯನ್ನು ಬಳಸಲು ಬೇಕಾದ ಹಣವನ್ನು ಒದಗಿಸುವ ಹೊಣೆ ಸಮಾಜದ ಮೇಲೆ ಬಿತ್ತು.

ಮಾನವನ ದೇಹವು ಅಸಂಖ್ಯಾತ ಜೀವಕೋಶಗಳಿಂದ ಕೂಡಿದೆ. ರಕ್ತದ ಕೆಂಪುಕಣಗಳಂತಹ ಕೆಲವನ್ನು ಬಿಟ್ಟರೆ ಪ್ರತಿಯೊಂದು ಕೋಶದಲ್ಲಿಯೂ ಒಂದು ಕೋಶಕೇಂದ್ರವಿದೆ. ಅದರೊಳಗೆ ವರ್ಣತಂತುಗಳಿವೆ. ಆ ವರ್ಣತಂತುಗಳಲ್ಲಿ ಡಿ.ಎನ್.ಎ. ಎಂಬ ರಾಸಾಯನಿಕ ವಸ್ತು ತಿರುಚಿದ ನೂಲೇಣಿಯ ರೂಪದಲ್ಲಿ ಅಡಗಿದೆ. ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಗುಣಲಕ್ಷಣಗಳೆಲ್ಲ ಈ ಏಣಿಯ ಮೆಟ್ಟಿಲುಗಳಲ್ಲಿ ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಿಟ್ಟಂತಿವೆ. ಈ ಬರಹದ ಬಹುಭಾಗವು ಎಲ್ಲ ಮನುಷ್ಯರಲ್ಲಿಯೂ ಒಂದೇ ಆಗಿರುತ್ತದೆ. ಆದರೆ ಕೆಲವು ಸ್ಥಾನಗಳಲ್ಲಿ ಒಂದೇ ಚಿಕ್ಕ ಪದವನ್ನು ಮೇಲಿಂದ ಮೇಲೆ ಬರೆದಂತೆ ಪುನರಾವರ್ತನೆಗಳು ಕಂಡುಬರುತ್ತವೆ. ಒಬ್ಬನಲ್ಲಿ ಆ ಪದವು ಏಳು ಸಲ ಬಂದರೆ ಮತ್ತೊಬ್ಬನಲ್ಲಿ ಹನ್ನೊಂದು ಸಲ ಬರಬಹುದು. ಇಂತಹ ಹಲವು ಸ್ಥಾನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ತದ್ರೂಪಿ ಅವಳಿಗಳನ್ನು ಬಿಟ್ಟು, ಇಬ್ಬರು ವ್ಯಕ್ತಿಗಳಲ್ಲಿ ಎಲ್ಲವೂ ಹೊಂದಿಕೆಯಾಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಈ ವ್ಯತ್ಯಾಸಗಳಿಂದ ವ್ಯಕ್ತಿಯನ್ನು ಗುರುತಿಸಬಹುದೆಂಬುದನ್ನು ಮೊದಲು ಕಂಡವರು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರಿಸ್. 1984ರ ಸೆಪ್ಟೆಂಬರ್ 10ರ ಬೆಳಿಗ್ಗೆ ತಮ್ಮ ಪ್ರಯೋಗಶಾಲೆಯಲ್ಲಿ ಕ್ಷಕಿರಣದ ಫಿಲ್ಮೊಂದನ್ನು ನೋಡುತ್ತಿದ್ದಾಗ, ಅದರ ಮೇಲೆ ಮೂಡಿದ್ದ ಕಪ್ಪು ಪಟ್ಟೆಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುವುದು ಅವರ ಗಮನಕ್ಕೆ ಬಂದಿತು. ಎರಡು ವರ್ಷಗಳ ತರುವಾಯ ಅದೇ ಲೆಸ್ಟರ್ ಪ್ರಾಂತದಲ್ಲಿಯೇ ಈ ಶೋಧವು ಕಠಿಣ ಪರೀಕ್ಷೆಗೆ ಒಳಗಾಯಿತು. ಅಲ್ಲಿನ ಗ್ರಾಮಗಳಲ್ಲಿ 1983ರಲ್ಲಿ ಒಬ್ಬ ಬಾಲಕಿಯೂ 1986ರಲ್ಲಿ ಮತ್ತೊಬ್ಬ ಬಾಲಕಿಯೂ ಕೊಲೆಯಾಗಿದ್ದರು. ಹದಿನೇಳು ವರ್ಷದ ಯುವಕನೊಬ್ಬ ಎರಡನೆಯ ಕೊಲೆಯನ್ನು ತಾನು ಮಾಡಿದುದಾಗಿ ಒಪ್ಪಿಕೊಂಡನು. ಆದರೆ ಜೆಫ್ರಿಸ್ ಅವರ ಪರೀಕ್ಷೆಯಿಂದ ಎರಡೂ ಕೃತ್ಯಗಳು ಒಬ್ಬನೇ ವ್ಯಕ್ತಿಯವೆಂದೂ ಆ ವ್ಯಕ್ತಿ ಈ ಯುವಕನಲ್ಲವೆಂದೂ ತಿಳಿದುಬಂದಿತು. ಪೊಲೀಸರು ಸುತ್ತಲಿನ ಸುಮಾರು ಐದು ಸಾವಿರ ಗಂಡಸರ ರಕ್ತದ ಮಾದರಿಗಳನ್ನು ಸಂಗ್ರಹಿಸಿದರು. ನಿಜವಾದ ಅಪರಾಧಿಯು ತನ್ನ ಬದಲು ಜೊತೆಯ ಕೆಲಸಗಾರನೊಬ್ಬನನ್ನು ಕಳುಹಿಸಿ ತಪ್ಪಿಸಿಕೊಂಡಿದ್ದನು. ಆ ಗುಟ್ಟು ಹೊರಬಿದ್ದು 1987ರಲ್ಲಿ ಅವನು ಸೆರೆಯಾದನು. 1988ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಡಿ.ಎನ್.ಎ. ಪರೀಕ್ಷೆಯು ಈ ಮೊಕದ್ದಮೆಯಲ್ಲಿ ಮೊದಲು ಮಾಡಿದ ಕೆಲಸ ನಿರಪರಾಧಿಯೊಬ್ಬನನ್ನು ಉಳಿಸಿದುದು ಎಂಬುದು ನೆನಪಿಡತಕ್ಕ ಸಂಗತಿ.

ಆರಂಭದಲ್ಲಿ ಈ ಪರೀಕ್ಷೆಗೆ ಸಾಕಷ್ಟು ರಕ್ತ ಬೇಕಾಗುತ್ತಿತ್ತು. ಅಮೆರಿಕದ ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿಯು ಡಿ.ಎನ್.ಎ.ಯ ತುಣುಕುಗಳನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಇಮ್ಮಡಿಗೊಳಿಸುವ ವಿಧಾನವೊಂದನ್ನು ರೂಪಿಸಿದರು. ಇದಕ್ಕಾಗಿ 1993ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಒಂದು ತುಣುಕನ್ನು ಮೂವತ್ತು ಬಾರಿ ಇಮ್ಮಡಿಗೊಳಿಸಿದರೆ ಅದು ನೂರು ಕೋಟಿಗೂ ಮಿಕ್ಕುತ್ತದೆ. ಹೀಗಾಗಿ ಒಣಗಿದ ರಕ್ತದ ಒಂದು ಚುಕ್ಕೆ, ಬುಡಸಹಿತವಾದ ಒಂದು ಕೂದಲು, ಲೋಟದ ಅಂಚಿಗೆ ಅಂಟಿದ ಜೊಲ್ಲು ಇವುಗಳಿಂದಲೂ ವ್ಯಕ್ತಿಯನ್ನು ಗುರುತಿಸುವುದು ಸಾಧ್ಯವಾಯಿತು. ತಂಪಾದ, ಒಣಗಿದ ಸ್ಥಳದಲ್ಲಿ ಸರಿಯಾಗಿ ಕಾಪಾಡಿದ ಮಾದರಿಯು ದಶಕಗಳ ತರುವಾಯವೂ ಉತ್ತರ ನೀಡಬಲ್ಲುದು.

ಆದರೆ ಮಾದರಿಯೊಂದು ಕೈಯಲ್ಲಿದ್ದ ಮಾತ್ರಕ್ಕೆ ಅಪರಾಧಿಯ ಹೆಸರು ತಿಳಿಯುವುದಿಲ್ಲ; ಹೋಲಿಸಿ ನೋಡಲು ಮತ್ತೊಂದು ಬೇಕು. ಇದಕ್ಕಾಗಿ ಇಂಗ್ಲೆಂಡಿನಲ್ಲಿ 1995ರಲ್ಲಿ ರಾಷ್ಟ್ರೀಯ ಡಿ.ಎನ್.ಎ. ಸಂಗ್ರಹವೊಂದು ಆರಂಭವಾಯಿತು. ಅಮೆರಿಕದಲ್ಲಿ 1998ರಿಂದ ಅಂತಹುದೇ ವ್ಯವಸ್ಥೆ ರಾಷ್ಟ್ರಮಟ್ಟದಲ್ಲಿ ಕೆಲಸ ಮಾಡುತ್ತಿದೆ. ಶಿಕ್ಷಿತರಾದ ಅಪರಾಧಿಗಳ ಡಿ.ಎನ್.ಎ. ವಿವರಗಳನ್ನು ಅಲ್ಲಿ ಅಂಕೆಗಳ ರೂಪದಲ್ಲಿ ಗಣಕಯಂತ್ರದಲ್ಲಿ ಇರಿಸುತ್ತಾರೆ. ಮೊದಲು ಹದಿಮೂರು ಸ್ಥಾನಗಳನ್ನು ಪರಿಶೀಲಿಸುತ್ತಿದ್ದರು. 2017ರಿಂದ ಇಪ್ಪತ್ತು ಸ್ಥಾನಗಳನ್ನು ಪರಿಶೀಲಿಸುತ್ತಾರೆ. ಹಳೆಯ ಮೊಕದ್ದಮೆಯ ಮಾದರಿಯನ್ನು ಪರೀಕ್ಷಿಸಿ ಅದರ ಅಂಕೆಗಳನ್ನು ಗಣಕಕ್ಕೆ ಒದಗಿಸಿದರೆ, ಬೇರೊಂದು ಊರಿನಲ್ಲಿ ಬೇರೊಂದು ಅಪರಾಧಕ್ಕಾಗಿ ಸೆರೆಯಲ್ಲಿರುವವನ ಹೆಸರು ಹೊರಬರಬಹುದು.

ವಿದ್ಯೆ ಹೀಗೆ ಬೆಳೆದರೂ ಕೆಲಸ ಅದೇ ವೇಗದಲ್ಲಿ ಸಾಗಲಿಲ್ಲ. ಪರೀಕ್ಷೆಗೆ ಬೆಲೆಬಾಳುವ ಉಪಕರಣಗಳು, ರಾಸಾಯನಿಕಗಳು, ನುರಿತ ತಜ್ಞರು ಬೇಕು. ಹೊಸ ಅಪರಾಧಗಳ ಮಾದರಿಗಳೇ ರಾಶಿಬಿದ್ದಿರುವಾಗ ಹಳೆಯವುಗಳ ಸರದಿ ಬರುವುದು ದುರ್ಲಭ. ಇದಕ್ಕೆ ಅಮೆರಿಕದ ಡೆಟ್ರಾಯಿಟ್ ನಗರವು ದೊಡ್ಡ ನಿದರ್ಶನ. 2009ರಲ್ಲಿ ಅಲ್ಲಿನ ಪೊಲೀಸ್ ಉಗ್ರಾಣವೊಂದರಲ್ಲಿ, ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಂದ ವೈದ್ಯರು ಸಂಗ್ರಹಿಸಿದ್ದ ಸಾಕ್ಷ್ಯದ ಪೆಟ್ಟಿಗೆಗಳು ಹನ್ನೊಂದು ಸಾವಿರದಷ್ಟು ದೊರೆತವು. ಒಂದೊಂದು ಪೆಟ್ಟಿಗೆಯ ಹಿಂದೆಯೂ ಒಬ್ಬ ಮಹಿಳೆಯ ಸಂಕಟವಿತ್ತು, ನ್ಯಾಯ ದೊರೆತೀತೆಂಬ ನಿರೀಕ್ಷೆಯಿತ್ತು. ಹಣದ ಕೊರತೆಯೂ ಅಧಿಕಾರಿಗಳ ಉದಾಸೀನವೂ ಸೇರಿ ಅವುಗಳನ್ನು ಕತ್ತಲೆಯಲ್ಲಿ ಉಳಿಸಿದ್ದುವು. ಅಲ್ಲಿನ ಸರಕಾರಿ ಅಭಿಯೋಜಕಿ ಕಿಮ್ ವರ್ದಿ ಅವರು ಈ ವಿಷಯವನ್ನು ಕೈಬಿಡದೆ ಹಿಡಿದರು. ನಗರವು 2013ರಲ್ಲಿ ದಿವಾಳಿಯಾದರೂ, ರಾಜ್ಯದ ಮತ್ತು ಕೇಂದ್ರದ ಅನುದಾನಗಳಿಂದಲೂ ನಾಗರಿಕರ ವಂತಿಗೆಯಿಂದಲೂ ಕೆಲಸ ಮುಂದುವರಿಯಿತು. ಪರೀಕ್ಷೆಗಳು ಮುಗಿಯುತ್ತ ಬಂದಂತೆ, ಒಂದಕ್ಕಿಂತ ಹೆಚ್ಚು ಬಾರಿ ಇಂತಹ ಕೃತ್ಯ ಎಸಗಿರಬಹುದಾದ ನೂರಾರು ಶಂಕಿತರು ಬೆಳಕಿಗೆ ಬಂದರು. ಮೊದಲನೆಯ ಪೆಟ್ಟಿಗೆಯನ್ನು ಸಕಾಲದಲ್ಲಿ ತೆರೆದಿದ್ದರೆ ಮುಂದಿನ ಎಷ್ಟೋ ಮಹಿಳೆಯರು ಈ ನೋವಿನಿಂದ ಪಾರಾಗುತ್ತಿದ್ದರೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು.

ಈ ಬಗೆಯ ವಿಳಂಬವನ್ನು ಹೋಗಲಾಡಿಸಲು ಅಮೆರಿಕದ ಸಂಸತ್ತು 2004ರಲ್ಲಿಯೇ ಕಾಯಿದೆಯೊಂದನ್ನು ಅಂಗೀಕರಿಸಿತ್ತು. ಅದರ ಒಂದು ಭಾಗಕ್ಕೆ ಡೆಬ್ಬಿ ಸ್ಮಿತ್ ಎಂಬ ಮಹಿಳೆಯ ಹೆಸರನ್ನಿಟ್ಟರು. 1989ರಲ್ಲಿ ದೌರ್ಜನ್ಯಕ್ಕೆ ಒಳಗಾದ ಆಕೆ ಅಪರಾಧಿಯ ಪತ್ತೆಗಾಗಿ ಆರು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು, ಕೊನೆಗೆ ಡಿ.ಎನ್.ಎ. ಹೋಲಿಕೆಯಿಂದ ಅವನು ಪತ್ತೆಯಾದಾಗ, ಅವನು ಬೇರೊಂದು ಅಪರಾಧಕ್ಕಾಗಿ ಅದಾಗಲೇ ಸೆರೆಮನೆಯಲ್ಲಿದ್ದನು. ಆಕೆ ತನ್ನ ನೋವನ್ನು ಮರೆಮಾಚದೆ ಇತರರಿಗಾಗಿ ಸಂಸತ್ತಿನ ಮುಂದೆ ನಿಂತು ಮಾತನಾಡಿದರು. ಈ ಕಾಯಿದೆಯಂತೆ ಮಾದರಿಗಳ ಪರೀಕ್ಷೆಗಾಗಿ ವರ್ಷಕ್ಕೆ 15 ಕೋಟಿ 10 ಲಕ್ಷ ಡಾಲರುಗಳವರೆಗೆ ಅನುದಾನ ನೀಡಲು ಅವಕಾಶವಾಯಿತು. ಹಳೆಯ ಮೊಕದ್ದಮೆಗಳಿಗೆಂದೇ ಪ್ರತ್ಯೇಕ ಯೋಜನೆಯೂ ಬಂದಿತು.

ಅದೇ ಕಾಯಿದೆಯ ಮತ್ತೊಂದು ಭಾಗಕ್ಕೆ ಕರ್ಕ್ ಬ್ಲಡ್ಸ್‌ವರ್ತ್ ಎಂಬಾತನ ಹೆಸರಿದೆ. ಬಾಲಕಿಯೊಬ್ಬಳ ಕೊಲೆಗಾಗಿ 1985ರಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಈತನು ಸುಮಾರು ಒಂಬತ್ತು ವರ್ಷ ಸೆರೆಯಲ್ಲಿದ್ದು, 1993ರಲ್ಲಿ ಡಿ.ಎನ್.ಎ. ಪರೀಕ್ಷೆಯಿಂದ ನಿರಪರಾಧಿಯೆಂದು ಬಿಡುಗಡೆ ಹೊಂದಿದನು. ಮತ್ತೆ ಹತ್ತು ವರ್ಷಗಳ ತರುವಾಯ ಅದೇ ಸಾಕ್ಷ್ಯವನ್ನು ರಾಷ್ಟ್ರೀಯ ಸಂಗ್ರಹದೊಡನೆ ಹೋಲಿಸಿದಾಗ ನಿಜವಾದ ಅಪರಾಧಿ ಸಿಕ್ಕಿಬಿದ್ದನು. ತಪ್ಪು ತೀರ್ಪಿಗೆ ಒಳಗಾದವರ ಪರೀಕ್ಷೆಗೂ ಸರಕಾರವೇ ಹಣ ನೀಡಬೇಕೆಂಬುದು ಈ ಭಾಗದ ಆಶಯ.

ಭಾರತದಲ್ಲಿ ಈ ವಿದ್ಯೆಗೆ ಅಡಿಪಾಯ ಹಾಕಿದವರು ಹೈದರಾಬಾದಿನ ವಿಜ್ಞಾನಿ ಲಾಲ್‌ಜಿ ಸಿಂಗ್. ಅವರು ವಿದೇಶದ ವಿಧಾನವನ್ನು ಎರವಲು ಪಡೆಯದೆ 1980ರ ದಶಕದ ಕೊನೆಯಲ್ಲಿ ಸ್ವದೇಶಿ ವಿಧಾನವೊಂದನ್ನು ರೂಪಿಸಿದರು. 2013ರಲ್ಲಿ ಕೇಂದ್ರ ಸರಕಾರವು ಮಹಿಳೆಯರ ಸುರಕ್ಷತೆಗಾಗಿ ಸ್ಥಾಪಿಸಿದ ನಿರ್ಭಯಾ ನಿಧಿಯ ಒಂದು ಪಾಲು ಡಿ.ಎನ್.ಎ. ಪ್ರಯೋಗಶಾಲೆಗಳನ್ನು ಬಲಪಡಿಸಲು ವಿನಿಯೋಗವಾಗಿದೆ.

ಈ ವಿದ್ಯೆಗೂ ಮಿತಿಗಳುಂಟು. ಸಂಗ್ರಹಿಸುವವರ ಅಜಾಗರೂಕತೆಯಿಂದ ಮಾದರಿ ಕಲುಷಿತವಾದರೆ ಫಲಿತಾಂಶವೂ ದಾರಿ ತಪ್ಪುತ್ತದೆ. ವ್ಯಕ್ತಿಯೊಬ್ಬನು ಸ್ಥಳದಲ್ಲಿ ಇದ್ದನೆಂಬುದನ್ನು ಡಿ.ಎನ್.ಎ. ಸೂಚಿಸಬಹುದು, ಅವನು ಏಕೆ ಇದ್ದನೆಂಬುದನ್ನು ಅದು ಹೇಳಲಾರದು. ಪ್ರಜೆಗಳ ಖಾಸಗಿ ವಿವರಗಳು ಸಂಗ್ರಹದಿಂದ ದುರುಪಯೋಗವಾಗದಂತೆ ಕಾನೂನಿನ ಕಾವಲೂ ಬೇಕು.

ಇಷ್ಟಾದರೂ, ಹಳೆಯ ಕಡತಗಳಿಗಾಗಿ ಬೊಕ್ಕಸದ ಹಣವನ್ನು ವೆಚ್ಚ ಮಾಡಬೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಆಸ್ಪತ್ರೆ, ಶಾಲೆ, ರಸ್ತೆಗಳೂ ಅದೇ ಹಣವನ್ನು ಬೇಡುತ್ತವೆ. ಆದರೆ ನೊಂದವರಿಗೆ ನ್ಯಾಯ, ನಿರಪರಾಧಿಗೆ ಬಿಡುಗಡೆ, ಮುಂದೆ ನಡೆಯಬಹುದಾದ ಅಪರಾಧಕ್ಕೆ ತಡೆ, ಈ ಮೂರೂ ಒಂದೇ ಪರೀಕ್ಷೆಯಿಂದ ದೊರೆಯುವಾಗ ಆ ವೆಚ್ಚವನ್ನು ವ್ಯರ್ಥವೆನ್ನಲಾಗದು. ಬಡವನಾಗಲಿ ಬಲ್ಲಿದನಾಗಲಿ, ಪ್ರಜೆಯ ದೂರು ಕಾಲ ಕಳೆದ ಮಾತ್ರಕ್ಕೆ ಮೂಲೆಗುಂಪಾಗದಂತೆ ನೋಡಿಕೊಳ್ಳುವುದು ನಾಗರಿಕ ರಾಜ್ಯದ ಲಕ್ಷಣ.